ಶಾರ್ತ್ರ್ ಇಗರ್ಜಿಯ ಬಾಗಿಲಲ್ಲಿ ಬೆತ್ತ ಹಿಡಿದ ಟೀಚರ್

ಪ್ಯಾರಿಸ್ಸಿನ ನೈಋತ್ಯಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ ಶಾರ್ತ್ರ್ ಎಂಬ ಊರಿದೆ. ಸುತ್ತ ಬಯಲು, ಗೋಧಿ ಹೊಲಗಳು. ದೂರದಿಂದಲೇ ಕಾಣುವುದು ಅಲ್ಲಿನ ಮಹಾ ಇಗರ್ಜಿಯ ಎರಡು ಗೋಪುರಗಳು. ಎರಡೂ ಒಂದೇ ತರಹ ಇಲ್ಲ. ಒಂದು 12ನೇ ಶತಮಾನದ್ದು. ಇನ್ನೊಂದರ ಶಿಖರ 16ನೇ ಶತಮಾನದ ಆರಂಭದ್ದು.

1194ರಲ್ಲಿ ಬೆಂಕಿ ಬಿದ್ದು ಹಳೆಯ ಇಗರ್ಜಿಯ ಬಹುಭಾಗ ಸುಟ್ಟುಹೋಯಿತು. ಪಶ್ಚಿಮದ ಮುಂಭಾಗ ಉಳಿಯಿತು. ಉಳಿದುದನ್ನು ಹೊಸದಾಗಿ ಕಟ್ಟಿದರು. 1260ರಲ್ಲಿ ಅದರ ಪ್ರತಿಷ್ಠೆ ನಡೆಯಿತು.

ಗಾಥಿಕ್ ಶೈಲಿಯ ಗುಟ್ಟು ಇಷ್ಟೇ. ಚೂಪು ಕಮಾನುಗಳು ಮೇಲ್ಛಾವಣಿಯ ಭಾರವನ್ನು ಕಂಬಗಳಿಗೆ ಇಳಿಸುತ್ತವೆ. ಹೊರಕ್ಕೆ ತಳ್ಳುವ ಒತ್ತಡವನ್ನು ಹೊರಗಡೆ ನಿಂತ ಆನಿಕೆ ಕಮಾನುಗಳು ತಡೆಯುತ್ತವೆ. ಹಾಗಾಗಿ ಗೋಡೆ ದಪ್ಪ ಇರಬೇಕಾಗಿಲ್ಲ. ಒಳಛಾವಣಿ ಸುಮಾರು 37 ಮೀಟರ್ ಎತ್ತರ. ಗೋಡೆಯಿರಬೇಕಾದ ಜಾಗದಲ್ಲೆಲ್ಲ ಬಣ್ಣದ ಗಾಜು!

ನಮ್ಮಂಥ ಶಾಲೆಯವರು ಮೊದಲು ನೋಡಬೇಕಾದದ್ದು ಪಶ್ಚಿಮದ ಬಾಗಿಲನ್ನು. ಶಾರ್ತ್ರ್ ಆ ಕಾಲದ ದೊಡ್ಡ ವಿದ್ಯಾಕೇಂದ್ರ. ಬಲಬದಿಯ ಬಾಗಿಲ ಮೇಲಿನ ಕಮಾನಿನಲ್ಲಿ ಏಳು ವಿದ್ಯೆಗಳನ್ನು ಹೆಂಗಸರ ರೂಪದಲ್ಲಿ ಕೆತ್ತಿದ್ದಾರೆ. ವ್ಯಾಕರಣ ಎಂಬಾಕೆಯ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಬೆತ್ತ. ಕಾಲ ಬುಡದಲ್ಲಿ ಇಬ್ಬರು ಹುಡುಗರು. ಒಬ್ಬ ಓದುತ್ತಿದ್ದರೆ ಇನ್ನೊಬ್ಬ ಅವನ ಕೂದಲು ಎಳೆಯುತ್ತಿದ್ದಾನೆ! ಎಂಟುನೂರು ವರ್ಷಕ್ಕೂ ಹಿಂದಿನ ಶಿಲ್ಪಿ ನಮ್ಮ ಹಿಂದಿನ ಬೆಂಚನ್ನು ನೋಡಿದ್ದನೇ ಎನಿಸುತ್ತದೆ. ಅಲ್ಲೇ ಸಂಗೀತದ ಕೆಳಗೆ ಕುಳಿತವನನ್ನು ಪೈಥಾಗೊರಸ್ ಎಂದು ಗುರುತಿಸುತ್ತಾರೆ. ಹೌದು, ನಮ್ಮ ಪ್ರಮೇಯದ ಪೈಥಾಗೊರಸ್ಸೇ.

ಒಳಗೆ ಸುಮಾರು 176 ಗಾಜಿನ ಕಿಟಕಿಗಳಿವೆ, ಹೆಚ್ಚಿನವು 13ನೇ ಶತಮಾನದವು. ಓದು ಬಾರದವರಿಗೆ ಇವೇ ಬೈಬಲ್ ಆಗಿದ್ದವು ಎಂದು ಪುಸ್ತಕಗಳಲ್ಲಿ ಬರೆಯುವುದುಂಟು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅಷ್ಟು ಎತ್ತರದ ಸಣ್ಣ ಚಿತ್ರಗಳನ್ನು ನೆಲದಿಂದ ನೋಡಿ ಕಥೆ ಬಿಡಿಸುವುದು ಸುಲಭವಲ್ಲ, ಹೇಳಿಕೊಡುವವರು ಬೇಕು. ಆದರೆ ಕೆಳಗಿನ ಚೌಕಗಳಲ್ಲಿ ರೊಟ್ಟಿ ಮಾರುವವರು, ಚಪ್ಪಲಿ ಹೊಲಿಯುವವರು, ಬಡಗಿಗಳು ಕಾಣುತ್ತಾರೆ. ಸಂತರ ಜೊತೆಗೆ ದುಡಿಯುವವರಿಗೂ ಜಾಗ ಸಿಕ್ಕಿದೆ.

1939ರಲ್ಲಿ ಯುದ್ಧ ಬಂದಾಗ ಈ ಗಾಜುಗಳನ್ನು ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿ ಬೇರೆಡೆ ಸಾಗಿಸಿದರು. ಕಟ್ಟಡ ಅಲ್ಲೇ ನಿಂತಿತ್ತಲ್ಲ? 1944ರ ಆಗಸ್ಟ್ 16ರಂದು, ಗೋಪುರದಲ್ಲಿ ಜರ್ಮನ್ ಸೈನಿಕರು ಅಡಗಿದ್ದಾರೆಂಬ ಸಂಶಯದಿಂದ ಅಮೆರಿಕನ್ ಪಡೆಯ ಫಿರಂಗಿಗಳು ಇಗರ್ಜಿಯತ್ತ ತಿರುಗುವುದರಲ್ಲಿದ್ದವು. ಕರ್ನಲ್ ವೆಲ್ಬೋರ್ನ್ ಗ್ರಿಫಿತ್ ತಾನೇ ಒಳಹೊಕ್ಕು, ಗೋಪುರ ಹತ್ತಿ, ಯಾರೂ ಇಲ್ಲವೆಂದು ತಿಳಿಸಿದರು. ದಾಳಿ ನಿಂತಿತು. ಅದೇ ದಿನ, ಪಕ್ಕದ ಲೇವ್ ಎಂಬ ಊರಿನಲ್ಲಿ ಗ್ರಿಫಿತ್ ಗುಂಡಿಗೆ ಬಲಿಯಾದರು. ಯುದ್ಧ ಮುಗಿದ ಮೇಲೆ ಗಾಜುಗಳು ತಮ್ಮ ತಮ್ಮ ಕಿಟಕಿಗೆ ಮರಳಿದವು.