ಕಡ್ಲೆಕಾಯಿಯ ಬೂಷ್ಟು, ಯಕೃತ್ತಿನ ಕೊಬ್ಬು: ಅಫ್ಲಾಟಾಕ್ಸಿನ್ ಸಂಶೋಧನೆಯ ಒಂದು ಚರಿತ್ರೆ

ಕನ್ನಡ ಎಂ.ಎ. ಓದೋಳು ಇಲಿಗಳ ಯಕೃತ್ತಿನ ಬಗ್ಗೆ ಯಾಕೆ ಪ್ರಬಂಧ ಓದ್ತಾಳೆ ಅಂತ ಗೆಳೆಯರು ಆಗಲೇ ಕೇಳಿದ್ದಾರೆ. ಕಾರಣ ನಮ್ಮ ಮನೆಯ ಒಂದು ಮಾತು.

ನನ್ನದು ರಾಯದುರ್ಗದ ಕಡೆಯ ಹಳ್ಳಿ. ಈ ಸೀಮೆ 1953ಕ್ಕೆ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರದ ಅನಂತಪುರಕ್ಕೆ ಸೇರಿತು. ಜಿಲ್ಲೆ ಯಾವುದಾದರೇನು, ಹೊಲದಲ್ಲಿರೋದು ಕಡ್ಲೆಕಾಯಿ. ಬೀಜ ಹಸನು ಮಾಡುವಾಗ ನಮ್ಮಜ್ಜಿ ಜಳ್ಳು, ಮುಗ್ಗಿದ್ದು, ಬೂಷ್ಟು ಹಿಡಿದದ್ದನ್ನು ಬೇರೆ ಗುಡ್ಡೆ ಹಾಕಿ, 'ಇವು ದನಕ್ಕಾಗ್ತವೆ ಬಿಡು' ಅನ್ನುತ್ತಿದ್ದಳು. ಈ ಮಾತಿನ ಹಿಂದಿರುವ ಚರಿತ್ರೆಯನ್ನು ಹುಡುಕುವುದು ಇಲ್ಲಿನ ಉದ್ದೇಶ.

ಆ ಚರಿತ್ರೆ ಶುರುವಾಗುವುದು ಇಂಗ್ಲೆಂಡಿನಲ್ಲಿ. 1960ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಕಾರಣ ತಿಳಿಯದೆ 'ಟರ್ಕಿ ಎಕ್ಸ್ ರೋಗ' ಎಂದು ಕರೆದರು. ಸೋಂಕು ಯಾವುದೂ ಸಿಗಲಿಲ್ಲ. ಕೊನೆಗೆ ಜಾಡು ಹೋಗಿ ನಿಂತದ್ದು ಬ್ರೆಜಿಲ್‌ನಿಂದ ಬಂದ ಕಡ್ಲೆಕಾಯಿ ಹಿಂಡಿಯ ಮುಂದೆ. ಹಿಂಡಿಗೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಹಿಡಿದಿತ್ತು. ಆ ಹೆಸರನ್ನೇ ಮೊಟಕುಗೊಳಿಸಿ ವಿಷಕ್ಕೆ 'ಅಫ್ಲಾಟಾಕ್ಸಿನ್' ಎಂದರು. ಅಂದರೆ ದನಕ್ಕಾಗುತ್ತೆ, ಕೋಳಿಗಾಗುತ್ತೆ ಅಂತ ಕೊಟ್ಟ ಮೇವಿನಿಂದಲೇ ಈ ವಿಷ ಜಗತ್ತಿಗೆ ಗೊತ್ತಾಯಿತು.

ಪ್ರಯೋಗಾಲಯದ ಬಾತುಮರಿ, ಇಲಿ, ಕೋಳಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಮೊದಲು ಕೆಟ್ಟದ್ದು ಯಕೃತ್ತು. ಕೋಳಿಗಳಲ್ಲಿ ಅದು ಊದಿ, ಹಳದಿಗೆ ತಿರುಗಿ, ಕೊಬ್ಬಿನಿಂದ ತುಂಬುತ್ತಿತ್ತು. 1971ರಲ್ಲಿ ಹ್ಯಾಮಿಲ್ಟನ್ ಮತ್ತು ಗಾರ್ಲಿಕ್ ಎಂಬ ವಿಜ್ಞಾನಿಗಳು ಮೊಟ್ಟೆಕೋಳಿಗಳ ಕೊಬ್ಬುಯಕೃತ್ತಿನ ರೋಗಕ್ಕೆ ಅಫ್ಲಾಟಾಕ್ಸಿನ್ ಕಾರಣವಿರಬಹುದು ಎಂದು ಬರೆದರು. ವಿಚಿತ್ರ ಏನೆಂದರೆ, ಯಕೃತ್ತಿನಲ್ಲಿ ಕೊಬ್ಬು ಏರಿದಾಗ ರಕ್ತದಲ್ಲಿ ಇಳಿಯುತ್ತಿತ್ತು. ಹಾಗಾದರೆ ಕೊಬ್ಬು ಹೆಚ್ಚು ತಿಂದದ್ದಕ್ಕೆ ಬಂದ ರೋಗ ಇದಲ್ಲ.

ಇದನ್ನು ನಮ್ಮ ಕಣದ ಲೆಕ್ಕದಲ್ಲಿ ಹೇಳ್ತೀನಿ. ಯಕೃತ್ತು ಕೊಬ್ಬನ್ನು ಹಾಗೇ ರಕ್ತಕ್ಕೆ ಬಿಡುವುದಿಲ್ಲ. ಪ್ರೋಟೀನಿನ ಜೊತೆ ಕಟ್ಟಿ ಲಿಪೋಪ್ರೋಟೀನ್ ಕಣಗಳಾಗಿ ಕಳಿಸುತ್ತದೆ. ಅಫ್ಲಾಟಾಕ್ಸಿನ್ ಬಿ1 ಯಕೃತ್ತಿಗೆ ಬಂದ ಮೇಲೆ ಅಲ್ಲಿನ ಕಿಣ್ವಗಳೇ ಅದನ್ನು ಇನ್ನೂ ಉಗ್ರವಾದ ರೂಪಕ್ಕೆ ತಿರುಗಿಸುತ್ತವೆ. ಆ ರೂಪ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಆರ್‌ಎನ್‌ಎ ತಯಾರಿ ಕುಂಠಿತವಾಗುತ್ತದೆ, ಅದರ ಹಿಂದೆಯೇ ಪ್ರೋಟೀನ್ ತಯಾರಿಯೂ. ಕಣದಲ್ಲಿ ಕಾಯಿ ರಾಶಿ ಬಿದ್ದಿದೆ, ತುಂಬೋಕೆ ಚೀಲ ಇಲ್ಲ, ಗಾಡಿ ಹೊರಡೋದಿಲ್ಲ. ರಾಶಿ ಅಲ್ಲೇ ಉಳಿಯುತ್ತದೆ, ಸಂತೆಗೆ ಮಾಲು ಬರುವುದಿಲ್ಲ.

ಭಾರತದಲ್ಲಿ ಈ ಪ್ರಶ್ನೆ ಕೋಳಿಸಾಕಣೆಗೆ ಮುಗಿಯಲಿಲ್ಲ. ಅಪೌಷ್ಟಿಕ ಮಕ್ಕಳಿಗೆ ಅಗ್ಗದ ಪ್ರೋಟೀನ್ ಅಂದರೆ ಕಡ್ಲೆಕಾಯಿ ಹಿಟ್ಟು ಅನ್ನುವ ಕಾಲ ಅದು. ಮೈಸೂರಿನ ಸಿಎಫ್‌ಟಿಆರ್‌ಐ ರೂಪಿಸಿದ ವಿವಿಧೋದ್ದೇಶ ಆಹಾರದಲ್ಲಿ ಮುಕ್ಕಾಲು ಪಾಲು ಅದೇ ಹಿಟ್ಟು. ಈ ಸರಣಿಯಲ್ಲಿ ನೀಲಗಿರಿಯ ಮಾತು ಬಂದಿರುವುದರಿಂದ ಒಂದು ಸಂಗತಿ ಹೇಳಬೇಕು. 1918ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಶುರುಮಾಡಿದ ಪುಟ್ಟ ಪ್ರಯೋಗಾಲಯವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದು. ಅಲ್ಲಿನ ತುಳಪುಳೆ, ಮಾಧವನ್, ಗೋಪಾಲನ್ 1964ರಲ್ಲಿ ಮರಿಕೋತಿಗಳಿಗೆ ಅಫ್ಲಾಟಾಕ್ಸಿನ್ ತಿನ್ನಿಸಿದ ಪ್ರಯೋಗವನ್ನು ಪ್ರಕಟಿಸಿದರು. ಮರುವರ್ಷ ಎಳೆ ಇಲಿಗಳಲ್ಲಿ ಕಂಡದ್ದು: ಪ್ರೋಟೀನ್ ಕಡಿಮೆ ತಿಂದ ಇಲಿಗಳ ಯಕೃತ್ತಿಗೆ ಪೆಟ್ಟು ಹೆಚ್ಚು. 1968ರ ದೀರ್ಘ ಪ್ರಯೋಗದಲ್ಲಿ ಮಾತ್ರ ಚಿತ್ರ ತಿರುಗಿತು: ಶೇ. 20 ಪ್ರೋಟೀನ್ ತಿಂದವುಗಳಲ್ಲಿ ಗೆಡ್ಡೆ ಬೆಳೆದವು, ಶೇ. 5 ತಿಂದವುಗಳಲ್ಲಿ ಬೆಳೆಯಲಿಲ್ಲ. ಹಾಗಂತ ಅರೆಹೊಟ್ಟೆ ಒಳ್ಳೆಯದು ಎಂದು ಓದಬಾರದು. ತಕ್ಷಣದ ಪೆಟ್ಟು ಬೇರೆ, ವರ್ಷಗಳ ಮೇಲೆ ಬರುವ ಕ್ಯಾನ್ಸರ್ ಬೇರೆ.

ಬಡವರ ಮನೆಯಲ್ಲಿ ಈ ಎರಡೂ ಒಟ್ಟಿಗೇ ಇರ್ತವೆ: ಪ್ರೋಟೀನ್ ಕಮ್ಮಿ, ಕಾಳು ಮುಗ್ಗಿದ್ದು. 1974ರಲ್ಲಿ ಗುಜರಾತ್, ರಾಜಸ್ಥಾನದ ಆದಿವಾಸಿ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 106 ಜನ ಯಕೃತ್ತು ಕೆಟ್ಟು ಸತ್ತರು. ಬೇರೆ ಕಾಳು ಇದ್ದವರು ಅದನ್ನು ತಿನ್ನುತ್ತಿರಲಿಲ್ಲ ಅನ್ನೋದು ನನ್ನ ತಿಳಿವಳಿಕೆ.

ಈಗ ಅಜ್ಜಿಯ ಮಾತಿಗೆ ಮರಳೋಣ. ಆಕೆಯ ಕಣ್ಣು, ಮೂಗು ತಪ್ಪಿರಲಿಲ್ಲ. ಕೈಯಲ್ಲಿ ಆರಿಸಿ ತೆಗೆಯುವುದು ಇಂದಿಗೂ ಒಳ್ಳೆಯ ಉಪಾಯ. ಆದರೆ ನೋಡೋಕೆ ಚೆನ್ನಾಗಿರೋ ಬೀಜದಲ್ಲೂ ವಿಷ ಇರಬಹುದು. ನಮ್ಮಂಥ ಬರಸೀಮೆಯಲ್ಲಿ ಕೀಳುವ ಮುಂಚಿನ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ, ಬೂಷ್ಟು ಮಣ್ಣಿನಲ್ಲೇ ಕಾಯಿಗೆ ಇಳಿಯುತ್ತದೆ. ಹುರಿದರೂ ಬೇಯಿಸಿದರೂ ವಿಷ ಪೂರ್ತಿ ಹೋಗುವುದಿಲ್ಲ.

ಇನ್ನೊಂದು ವಿಷಯ ಆಕೆಗೆ ಯಾರೂ ಹೇಳಿರಲಿಲ್ಲ. 1963ರಲ್ಲೇ ಇಂಗ್ಲೆಂಡಿನಲ್ಲಿ, ವಿಷದ ಹಿಂಡಿ ತಿಂದ ಹಸುಗಳ ಹಾಲು ಬಾತುಮರಿಗಳ ಯಕೃತ್ತನ್ನು ಕೆಡಿಸುತ್ತದೆ ಎಂದು ತೋರಿಸಿದ್ದರು. ಹಾಲಿನಲ್ಲಿ ಬರುವ ಆ ರೂಪಕ್ಕೆ ಎಂ1 ಎಂದು ಹೆಸರು. ಹಾಲಿನಲ್ಲಿ ಅದು ಕಿಲೋಗೆ 0.5 ಮೈಕ್ರೊಗ್ರಾಂ ಮೀರಬಾರದೆಂದು ನಮ್ಮ ದೇಶದ ನಿಯಮವಿದೆ.

ಮುಗ್ಗು, ಬೂಷ್ಟು, ಕಮಟು, ಜಳ್ಳು: ಕಾಳು ಕೆಟ್ಟಿದ್ದನ್ನು ಹೇಳೋಕೆ ನಮ್ಮ ಕನ್ನಡದಲ್ಲಿ ಇಷ್ಟು ಮಾತುಗಳಿವೆ. ಆದರೆ ಅರವತ್ತು ವರ್ಷದ ಈ ಸಂಶೋಧನೆ ನಮ್ಮ ಮನೆಯವರಿಗೆ ಕನ್ನಡದಲ್ಲೂ ಬರಲಿಲ್ಲ, ತೆಲುಗಿನಲ್ಲೂ ಬರಲಿಲ್ಲ. ದನಕ್ಕಾಗ್ತವೆ ಅಂತ ಹಾಕಿದ್ದು ಸಂಜೆಗೆ ಮಕ್ಕಳ ಲೋಟಕ್ಕೆ ವಾಪಸ್ ಬರಬಹುದು ಅನ್ನುವುದನ್ನು ಊರಿನವರ ಮಾತಿನಲ್ಲೇ ಹೇಳುವವರು ಬೇಕು. ಆ ಕೆಲಸ ವಿಜ್ಞಾನ ವಿಭಾಗದ್ದು ಎಷ್ಟೋ, ನಮ್ಮ ವಿಭಾಗದ್ದೂ ಅಷ್ಟೇ.