ಅಣ್ಣನಿಗೋ ತಮ್ಮನಿಗೋ? ರಣರಂಗದಿಂದ ಬಂದ ಕಾಗದಗಳು

ಮೊದಲ ಮಹಾಯುದ್ಧದಲ್ಲಿ ಭಾರತದ ಸೈನಿಕರು ಫ್ರಾನ್ಸಿನಿಂದ ಊರಿಗೆ ಬರೆದ ಕಾಗದಗಳಿಗೂ ರಾಯಚೂರು ಸೀಮೆಗೂ ಎಲ್ಲಿಯ ನಂಟು? ಅದು ಕಂದಾಯದ ನಂಟು. ನಿಜಾಮರ ಖರ್ಚಿನಲ್ಲಿ ಬ್ರಿಟಿಷರು ನಡೆಸುತ್ತಿದ್ದ ‘ಹೈದರಾಬಾದ್ ಕಂಟಿಂಜೆಂಟ್’ ಪಡೆಯ ಸಂಬಳದ ಬಾಕಿ ಬೆಳೆದಾಗ, 1853ರಲ್ಲಿ ಬೇರಾರ್ ಪ್ರಾಂತದ ಜತೆಗೆ ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶವೂ ಬ್ರಿಟಿಷರ ಆಡಳಿತಕ್ಕೆ ಹೋಯಿತು. ದೇವದುರ್ಗ, ಮಾನ್ವಿಯ ರೈತರು ತೆತ್ತ ಕಂದಾಯ ಆ ಪಡೆಯ ಸಂಬಳಕ್ಕೆ ಮೀಸಲಾಯಿತು. 1860ರಲ್ಲಿ ದೋಆಬ್ ನಿಜಾಮರಿಗೆ ಮರಳಿತು. ಪಡೆ ಮಾತ್ರ ಉಳಿದು, 1903ರಲ್ಲಿ ಬ್ರಿಟಿಷ್ ಭಾರತದ ಸೇನೆಯಲ್ಲಿ ವಿಲೀನವಾಯಿತು. ಅದರ ಕುದುರೆ ದಳಗಳಲ್ಲೊಂದು 20ನೇ ಡೆಕ್ಕನ್ ಹಾರ್ಸ್.

ಸಿಖ್ಖರು, ಜಾಟರು ಹಾಗೂ ದಖ್ಖನಿ ಮುಸ್ಲಿಮರಿದ್ದ ಈ ದಳ 1914ರಲ್ಲಿ ಫ್ರಾನ್ಸಿಗೆ ಹೋಯಿತು. 1916ರ ಜುಲೈ 14ರಂದು ಸೋಮ್ ಕದನದಲ್ಲಿ, ಮೆಷಿನ್‌ಗನ್ನುಗಳ ಆ ಕಾಲದಲ್ಲೂ, ಈಟಿ ಹಿಡಿದು ಹೈವುಡ್ ಎಂಬ ಕಾಡಿನತ್ತ ನುಗ್ಗಿತು.

ಇಂಥ ಸೈನಿಕರು ಮನೆಗೆ ಬರೆದ ಕಾಗದಗಳ ಸಂಖ್ಯೆ ದೊಡ್ಡದು. 1915ರ ಆರಂಭದಲ್ಲಿ ಫ್ರಾನ್ಸಿನಲ್ಲಿದ್ದ ಭಾರತೀಯರು ವಾರಕ್ಕೆ 10ರಿಂದ 20 ಸಾವಿರ ಕಾಗದ ಬರೆಯುತ್ತಿದ್ದರು. ಹೆಚ್ಚಿನವು ಉರ್ದು, ಹಿಂದಿ, ಗುರುಮುಖಿಯಲ್ಲಿದ್ದವು. ಬಹುತೇಕರಿಗೆ ಓದುಬರಹ ಬಾರದ ಕಾರಣ ಒಬ್ಬ ಹೇಳುತ್ತಿದ್ದ, ಮತ್ತೊಬ್ಬ ಬರೆಯುತ್ತಿದ್ದ. ತಂದೆ, ಗೆಳೆಯರಿಗೆ ಬರೆದಂತೆ ಒಡಹುಟ್ಟಿದವರಿಗೂ ಬರೆದ ಕಾಗದಗಳು ಹೇರಳ. ಮಳೆ ಬೆಳೆ, ಜಮೀನಿನ ವ್ಯಾಜ್ಯ, ಕಳಿಸಿದ ಹಣ, ಮನೆಯ ಮದುವೆ ಅವುಗಳ ವಿಷಯ. ಫ್ರಾನ್ಸಿನ ಹೆಂಗಸರ ಓದು, ದುಡಿಮೆಯನ್ನು ಕಂಡು, ನಮ್ಮ ಹೆಣ್ಣುಮಕ್ಕಳಿಗೂ ಓದಿಸಬೇಕೆಂದು ಬರೆದವರುಂಟು.

ಆದರೆ ಕಾಗದ ಮನೆ ಸೇರುವ ಮುನ್ನ ಸರ್ಕಾರ ಅದನ್ನು ಓದುತ್ತಿತ್ತು. ಭಾರತೀಯರ ಟಪಾಲು ಪರಿಶೀಲನೆಗೆಂದೇ ಬೊಲೋನ್ ಬಂದರಿನಲ್ಲಿ ಕಚೇರಿಯಿತ್ತು. ಇ.ಬಿ. ಹೊವೆಲ್ ಎಂಬ ಅಧಿಕಾರಿ ಅದರ ಮೊದಲ ಮುಖ್ಯಸ್ಥ. ಸೈನಿಕರ ಮನಃಸ್ಥಿತಿ ತಿಳಿಯಲು ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಮೇಲಿನವರಿಗೆ ವರದಿ ಮಾಡಲಾಗುತ್ತಿತ್ತು. ಇದನ್ನರಿತ ಸೈನಿಕರು ಒಗಟಿನ ದಾರಿ ಹಿಡಿದರು. ಕಪ್ಪು ಮೆಣಸು ಎಂದರೆ ಭಾರತೀಯ ಸಿಪಾಯಿ, ಕೆಂಪು ಮೆಣಸು ಎಂದರೆ ಬಿಳಿಯ ಸಿಪಾಯಿ. ಕಪ್ಪು ಮೆಣಸು ಮುಗಿಯುತ್ತ ಬಂತು ಎಂದು ಬರೆದರೆ ಸಾವುನೋವಿನ ಸುದ್ದಿ. ‘ಸೈನ್ಯಕ್ಕೆ ಸೇರಬೇಡ’ ಎಂಬ ಎಚ್ಚರಿಕೆಯೂ ಹೀಗೆಯೇ ಊರಿಗೆ ಹೊರಡುತ್ತಿತ್ತು. ಆದರೆ ಪರಿಶೀಲಕರು ಇಂಥ ಒಗಟನ್ನೂ ಬಿಡಿಸಿಬಿಡುತ್ತಿದ್ದರು.

ವಿಚಿತ್ರವೆಂದರೆ, ಈ ಮಾತುಗಳು ಇಂದಿಗೂ ಉಳಿದಿರುವುದು ಆ ಗೂಢ ಓದಿನಿಂದಲೇ. ಮನೆ ತಲುಪಿದ ಕಾಗದಗಳಲ್ಲಿ ಬಹುಪಾಲು ಕಾಲಕ್ರಮದಲ್ಲಿ ಕಳೆದುಹೋದವು. ವರದಿಗಳಲ್ಲಿ ಸೇರಿದ ಅನುವಾದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿವೆ. ಅಷ್ಟರಲ್ಲಿ ಆದ ನಷ್ಟವೂ ಸಣ್ಣದಲ್ಲ. ಇಂಗ್ಲಿಷಿನ ‘ಬ್ರದರ್’ ಅಣ್ಣನೋ ತಮ್ಮನೋ ಎಂದು ಹೇಳುವುದಿಲ್ಲ. ಗೌರವದ ‘ಆಪ್’, ಸಲಿಗೆಯ ‘ತುಮ್’ ಎರಡೂ ಅಲ್ಲಿ ಒಂದೇ ‘ಯು’. ಹಿರಿಯನಿಗೆ ಮಾಡಿದ ಬಿನ್ನಹ ಯಾವುದು, ಕಿರಿಯನಿಗೆ ಹೇಳಿದ ಬುದ್ಧಿಮಾತು ಯಾವುದು ಎಂಬುದನ್ನು ಎಷ್ಟೋ ಸಲ ಊಹಿಸಬೇಕಾಗುತ್ತದೆ.

20ನೇ ದಳ 1921ರಲ್ಲಿ 29ನೇ ಲ್ಯಾನ್ಸರ್ಸ್ ಜತೆ ಒಂದಾಯಿತು. ಡೆಕ್ಕನ್ ಹಾರ್ಸ್ ಇಂದು ಭಾರತೀಯ ಸೇನೆಯ ಟ್ಯಾಂಕ್ ರೆಜಿಮೆಂಟ್. ದಳದ ಚರಿತ್ರೆ ಸರ್ಕಾರಿ ಕಡತಗಳಲ್ಲಿ ಸಿಗುತ್ತದೆ. ಸೈನಿಕನ ಸ್ವಂತ ನುಡಿ ಮಾತ್ರ ಯಾವುದಾದರೂ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಗೆದ್ದಲಿನಿಂದ ಪಾರಾದ ಕಾಗದದಲ್ಲಿ ಸಿಗಬೇಕು. ರದ್ದಿಗೆ ಹಾಕುವ ಮುನ್ನ ಅಂಥ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.