ದೈತ್ಯ ವೈರಸ್‌ಗಳು

ದೈತ್ಯ ವೈರಸ್‌ಗಳು ಗಾತ್ರದಲ್ಲಿಯೂ ವಂಶವಾಹಿಗಳ ಸಂಖ್ಯೆಯಲ್ಲಿಯೂ ಕೆಲವು ಬ್ಯಾಕ್ಟೀರಿಯಾಗಳಿಗೆ ಸಮನಾದ ಅಥವಾ ಅವನ್ನು ಮೀರಿಸುವ ವೈರಸ್‌ಗಳು. ಇವುಗಳ ಆನುವಂಶಿಕ ವಸ್ತು ಎರಡೆಳೆಯ ಡಿಎನ್‌ಎ. ಇವು ಮುಖ್ಯವಾಗಿ ಅಮೀಬಾ, ಪಾಚಿ ಮೊದಲಾದ ಏಕಕೋಶ ಜೀವಿಗಳೊಳಗೆ ವೃದ್ಧಿಯಾಗುತ್ತವೆ. ಪೋಲಿಯೊ ವೈರಸ್ಸಿನ ವ್ಯಾಸ ಸುಮಾರು 30 ನ್ಯಾನೊಮೀಟರ್. ಈ ಗುಂಪಿನ ಪ್ರಸಿದ್ಧ ಸದಸ್ಯವಾದ ಮಿಮಿವೈರಸ್ಸಿನ ವ್ಯಾಸವು ಮೇಲ್ಮೈಯ ಎಳೆಗಳೂ ಸೇರಿ ಸುಮಾರು 700 ನ್ಯಾನೊಮೀಟರ್. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲಿಯೂ ಅದನ್ನು ಕಾಣಬಹುದು.

ಶೋಧನೆಯ ಇತಿಹಾಸ

1892ರಲ್ಲಿ ರಷ್ಯಾದ ದ್ಮಿತ್ರಿ ಇವಾನೋವ್‌ಸ್ಕಿಯು ರೋಗಪೀಡಿತ ತಂಬಾಕು ಎಲೆಯ ರಸವನ್ನು ಬ್ಯಾಕ್ಟೀರಿಯಾಗಳನ್ನು ತಡೆಯುವ ಪಿಂಗಾಣಿ ಶೋಧಕದ ಮೂಲಕ ಸೋಸಿದನು. ಸೋಸಿದ ರಸವೂ ರೋಗವನ್ನು ಹರಡಿತು. ಅಂದಿನಿಂದ ಶೋಧಕವನ್ನು ದಾಟಿ ಹೋಗುವುದೇ ವೈರಸ್ಸಿನ ಗುರುತು ಎನಿಸಿತು. ಇದರಿಂದಾಗಿ ಶೋಧಕದ ಮೇಲೆಯೇ ಉಳಿಯುವಷ್ಟು ದೊಡ್ಡ ವೈರಸ್‌ಗಳು ಬಹುಕಾಲ ಗಮನಕ್ಕೆ ಬಾರದೆ ಹೋದವು.

1992ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನ್ಯುಮೋನಿಯಾದ ಮೂಲವನ್ನು ಹುಡುಕುವಾಗ, ಶೀತಲೀಕರಣ ಗೋಪುರವೊಂದರ ನೀರಿನ ಅಮೀಬಾದೊಳಗೆ ದುಂಡನೆಯ ಕಣಗಳು ಕಂಡುಬಂದವು. ಅವು ಗ್ರಾಮ್ ಬಣ್ಣವನ್ನು ಹೀರಿಕೊಂಡುದರಿಂದ ಬ್ಯಾಕ್ಟೀರಿಯಾಗಳೆಂದೇ ಭಾವಿಸಿ, ‘ಬ್ರಾಡ್‌ಫರ್ಡ್‌ಕಾಕಸ್’ ಎಂದು ಕರೆಯಲಾಯಿತು. ಆದರೆ ಎಲ್ಲ ಬ್ಯಾಕ್ಟೀರಿಯಾಗಳಲ್ಲಿಯೂ ಇರಬೇಕಾದ ರೈಬೋಸೋಮ್ ಆರ್‌ಎನ್‌ಎಯ ವಂಶವಾಹಿಯು ಅವುಗಳಲ್ಲಿ ದೊರೆಯಲಿಲ್ಲ. ಮುಂದೆ ಫ್ರಾನ್ಸಿನ ಮಾರ್ಸೇಲ್‌ನ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಪ್ಪತ್ತು ಮುಖಗಳ ಹೊರಕವಚವನ್ನು ಗುರುತಿಸಿ, 2003ರಲ್ಲಿ ಇದು ವೈರಸ್ ಎಂದು ಪ್ರಕಟಿಸಿದರು. ಸೂಕ್ಷ್ಮಜೀವಿಯನ್ನು ಅನುಕರಿಸುವಂಥದು ಎಂಬ ಅರ್ಥದಲ್ಲಿ ಅದಕ್ಕೆ ಮಿಮಿವೈರಸ್ ಎಂಬ ಹೆಸರಾಯಿತು. ಅದರ ಜೀನೋಮ್‌ನಲ್ಲಿ ಸುಮಾರು 11.8 ಲಕ್ಷ ಬೇಸ್ ಜೋಡಿಗಳಿವೆ.

2013ರಲ್ಲಿ ವರದಿಯಾದ ಪಂಡೋರಾವೈರಸ್‌ಗಳಲ್ಲಿ ಒಂದರ ಜೀನೋಮ್ ಸುಮಾರು 25 ಲಕ್ಷ ಬೇಸ್ ಜೋಡಿಗಳಷ್ಟಿದೆ. 2014ರಲ್ಲಿ ಸೈಬೀರಿಯಾದ ಸುಮಾರು 30,000 ವರ್ಷ ಹಳೆಯ ಹೆಪ್ಪುಗಟ್ಟಿದ ನೆಲದಿಂದ ಪಿಥೋವೈರಸ್ ದೊರೆಯಿತು. ಅಷ್ಟು ಕಾಲ ಕಳೆದಿದ್ದರೂ ಅದು ಅಮೀಬಾವನ್ನು ಸೋಂಕಿಸಲು ಶಕ್ತವಾಗಿತ್ತು. ಭಾರತದಲ್ಲಿ ಮುಂಬಯಿಯ ಪೊವಾಯಿ ಕೆರೆ ಮೊದಲಾದ ಕಡೆಗಳ ನೀರಿನಲ್ಲಿ ಇಂತಹ ವೈರಸ್‌ಗಳು ಪತ್ತೆಯಾಗಿವೆ.

ಜೀವನಚಕ್ರ

ಅಮೀಬಾವು ಮಿಮಿವೈರಸ್ಸನ್ನು ಆಹಾರದ ಕಣದಂತೆ ನುಂಗುತ್ತದೆ. ಬಳಿಕ ಕವಚದ ಒಂದು ತುದಿಯಲ್ಲಿರುವ ನಕ್ಷತ್ರಾಕಾರದ ದ್ವಾರವು ತೆರೆದು, ಡಿಎನ್‌ಎ ಕೋಶದ್ರವ್ಯಕ್ಕೆ ಸೇರುತ್ತದೆ. ಅಲ್ಲಿ ‘ವೈರಸ್ ಕಾರ್ಖಾನೆ’ ಎಂಬ ವಿಶಿಷ್ಟ ಪ್ರದೇಶವು ರೂಪುಗೊಂಡು ಹೊಸ ಕಣಗಳು ನಿರ್ಮಾಣವಾಗುತ್ತವೆ. ಕೊನೆಗೆ ಕೋಶವು ಒಡೆದು ಅವು ಹೊರಬೀಳುತ್ತವೆ. 2008ರಲ್ಲಿ ಪತ್ತೆಯಾದ ಸ್ಪುಟ್ನಿಕ್ ಎಂಬ ಪುಟ್ಟ ವೈರಸ್ ಈ ಕಾರ್ಖಾನೆಯನ್ನೇ ಬಳಸಿಕೊಂಡು ವೃದ್ಧಿಯಾಗುತ್ತದೆ. ಅದರಿಂದ ದೈತ್ಯ ವೈರಸ್ಸಿನ ಬೆಳವಣಿಗೆ ಕುಂಠಿತವಾಗುತ್ತದೆ.

ವರ್ಗೀಕರಣ

ದೈತ್ಯ ವೈರಸ್‌ಗಳನ್ನು ನ್ಯೂಕ್ಲಿಯೋಸೈಟೋವಿರಿಕೋಟಾ ಎಂಬ ವಂಶದಲ್ಲಿ ಇರಿಸಲಾಗಿದೆ. ಇದರಲ್ಲಿ ಎರಡು ಮುಖ್ಯ ವರ್ಗಗಳಿವೆ:

• ಮೆಗಾವಿರಿಸೀಟ್ಸ್: ಮಿಮಿವೈರಸ್, ಪಾಚಿಗಳ ವೈರಸ್‌ಗಳು, ಪಿಥೋವೈರಸ್ ಮೊದಲಾದವು.
• ಪೊಕ್ಕೆಸ್‌ವಿರಿಸೀಟ್ಸ್: ಸಿಡುಬಿನ ವೈರಸ್ ಮತ್ತು ಆಫ್ರಿಕನ್ ಹಂದಿಜ್ವರದ ವೈರಸ್.

ವರ್ಗೀಕರಣಕ್ಕೆ ಆಧಾರ ಗಾತ್ರವಲ್ಲ, ಸಮಾನ ವಂಶವಾಹಿಗಳು ತೋರಿಸುವ ಬಾಂಧವ್ಯ. ಆದುದರಿಂದ ಈ ವಂಶದ ಎಲ್ಲ ಸದಸ್ಯರೂ ದೈತ್ಯರಲ್ಲ.

ಜೀವವೇ, ನಿರ್ಜೀವವೇ?

ಪ್ರೋಟೀನ್ ತಯಾರಿಕೆಗೆ ನೆರವಾಗುವ ಕೆಲವು ವಂಶವಾಹಿಗಳು ಮಿಮಿವೈರಸ್ಸಿನಲ್ಲಿ ಕಂಡುಬಂದಾಗ, ಇವು ಬ್ಯಾಕ್ಟೀರಿಯಾ, ಆರ್ಕಿಯಾ ಮತ್ತು ಯೂಕ್ಯಾರಿಯಾಗಳ ಜೊತೆಗೆ ಜೀವಲೋಕದ ನಾಲ್ಕನೆಯ ಶಾಖೆಯಾಗಿರಬಹುದೆಂದು ಕೆಲವರು ವಾದಿಸಿದರು. ಆದರೆ 2017ರಲ್ಲಿ ಪ್ರಕಟವಾದ ಕ್ಲೋಸ್ನ್ಯೂವೈರಸ್ಸಿನ ಅಧ್ಯಯನವು ಇಂತಹ ವಂಶವಾಹಿಗಳು ಆತಿಥೇಯ ಜೀವಿಗಳಿಂದ ಬೇರೆಬೇರೆ ಕಾಲಗಳಲ್ಲಿ ಪಡೆದವು ಎಂಬುದನ್ನು ಸೂಚಿಸಿತು. ಯಾವ ದೈತ್ಯ ವೈರಸ್ಸಿನಲ್ಲಿಯೂ ರೈಬೋಸೋಮ್ ಕಂಡುಬಂದಿಲ್ಲ. ಪ್ರೋಟೀನಿಗಾಗಿ ಅವು ಆತಿಥೇಯ ಕೋಶವನ್ನೇ ಅವಲಂಬಿಸಿವೆ. ಹೀಗೆ ಗಾತ್ರವು ವೈರಸ್ಸಿನ ಲಕ್ಷಣವಾಗಿ ಉಳಿಯದಿದ್ದರೂ ಪರಾವಲಂಬನೆಯು ಉಳಿದುಕೊಂಡಿದೆ.